ರಂಗೋಲಿ ಪುಡಿಯ ಹಿಮ

ಹಿಮವನ್ನು ನಾನು ಎರಡೇ ಸಲ ನೋಡಿದ್ದೇನೆ. ಒಮ್ಮೆ ಮದುವೆಯಾದ ಹೊಸತರಲ್ಲಿ ಮನಾಲಿಯ ಮೇಲಿನ ರೋಹತಾಂಗ್‌ನಲ್ಲಿ, ಬಾಡಿಗೆ ಕೋಟು, ಬಾಡಿಗೆ ಬೂಟು ಹಾಕಿಕೊಂಡು ಒಂದು ಗಂಟೆ. ಇನ್ನೊಮ್ಮೆ ಆಫೀಸಿನ ಕೆಲಸದ ಮೇಲೆ ಪರದೇಶಕ್ಕೆ ಹೋದಾಗ, ಹೋಟೆಲಿನ ಕಿಟಕಿಯ ಗಾಜಿನಾಚೆ. ಕುಂದಗೋಳ ತಾಲೂಕಿನ ಎರೆಭೂಮಿಯಲ್ಲಿ ಹುಟ್ಟಿದವನಿಗೆ ಇಷ್ಟೇ ಹೆಚ್ಚು. ನಮ್ಮ ಕಡೆ ಮಂಜು ಅಂದರೆ ಕಾರ್ತಿಕದ ಬೆಳಗಿನಲ್ಲಿ ಕಡಲೆ ಹೊಲದ ಮೇಲೆ ಕೂತಿರುವ ಹೊಗೆಯಂಥ ವಸ್ತು. ಹೊತ್ತೇರಿದರೆ ಅದೂ ಇಲ್ಲ.

ಅಂಥ ನನ್ನ ಮೇಲೆ ಕಳೆದ ವರ್ಷ ಎಂಟು ಅಡಿ ಉದ್ದ, ಐದು ಅಡಿ ಅಗಲದ ಮೇಜಿನ ಮೇಲೆ ಸಿಯಾಚಿನ್ ಕಟ್ಟುವ ಕೆಲಸ ಬಂತು. ಖಾರಘರದ ನಮ್ಮ ಸೊಸೈಟಿಯ ಗಣೇಶೋತ್ಸವದ ಸಭೆಯಲ್ಲಿ ಆ ಜವಾಬ್ದಾರಿಯನ್ನು ನಾನೇ ಕೈ ಎತ್ತಿ ತೆಗೆದುಕೊಂಡೆ ಎನ್ನುವುದು ಹೆಚ್ಚು ಸರಿ. ಇಲ್ಲಿಯ ಗಣಪತಿಗೆ ‘ದೇಖಾವಾ’ ಇಲ್ಲದೆ ನಡೆಯುವುದಿಲ್ಲ ಎಂದು ಮುಂಬಯಿ, ಠಾಣೆ ಕಡೆ ಇರುವ ನಿಮಗೆ ಹೇಳಬೇಕಿಲ್ಲ. ಹಿಂದಿನ ವರ್ಷಗಳಲ್ಲಿ ಕೊಂಕಣದ ಹಳ್ಳಿ ಆಗಿತ್ತು, ಚಂದ್ರಯಾನ ಆಗಿತ್ತು. ಈ ಸಲ ಸೈನಿಕರ ವಿಷಯ ಇರಲಿ ಎಂದು ಯಾರೋ ಅಂದರು. ಆಗ ನನ್ನ ಬಾಯಿಂದ ಬಂದ ಮಾತು: “ಸಿಯಾಚಿನ್ ಮಾಡೋಣ. ಹನುಮಂತಪ್ಪ ಕೊಪ್ಪದ ನಮ್ಮ ತಾಲೂಕಿನವರು.”

ನೆನಪಿರುವವರಿಗೆ ಹೆಸರು ಸಾಕು. 2016ರ ಫೆಬ್ರವರಿ 3ರಂದು ಸುಮಾರು 19,600 ಅಡಿ ಎತ್ತರದ ಸೋನಂ ಚೌಕಿಯ ಮೇಲೆ ಹಿಮ ಕುಸಿದು 19ನೇ ಮದ್ರಾಸ್ ರೆಜಿಮೆಂಟಿನ ಹತ್ತು ಸೈನಿಕರು ಹೂತುಹೋದರು. ಅವರಲ್ಲಿ ಮೂವರು ಕರ್ನಾಟಕದವರು. ಹುಡುಕಾಟದ ತಂಡ ಫೆಬ್ರವರಿ 8ರಂದು ಸುಮಾರು 25 ಅಡಿ ಹಿಮದ ಕೆಳಗಿನಿಂದ ಲ್ಯಾನ್ಸ್ ನಾಯಕ್ ಹನುಮಂತಪ್ಪನವರನ್ನು ಜೀವಂತವಾಗಿ ಹೊರತೆಗೆಯಿತು. ದೇಶವೆಲ್ಲ ಉಸಿರು ಹಿಡಿದು ಕೂತಿತ್ತು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ಜನ ಸಾಲುಗಟ್ಟಿ ನೋಡಿದರು. ಮಣ್ಣಾದದ್ದು ಹುಟ್ಟೂರು ಬೆಟದೂರಿನಲ್ಲಿ.

ಸಭೆಯಲ್ಲಿ ನಾನು ಇದನ್ನು ಹೇಳುವಾಗ ನನ್ನ ದನಿಯಲ್ಲಿ ದುಃಖಕ್ಕಿಂತ ಹೆಚ್ಚು ಹೆಮ್ಮೆ ಇತ್ತು. ಹದಿನೆಂಟು ವರ್ಷದಿಂದ ಈ ಊರಿನಲ್ಲಿದ್ದರೂ ಸಭೆಗಳಲ್ಲಿ ನಾನು ‘ಕರ್ನಾಟಕವಾಲೆ’. ನಮ್ಮವರೊಬ್ಬರ ಹೆಸರು ಹೇಳಿ ಎಲ್ಲರನ್ನೂ ಒಂದು ಕ್ಷಣ ಸುಮ್ಮನಾಗಿಸುವ ಅವಕಾಶ ದಿನಾ ಸಿಗುವುದಿಲ್ಲ. ಆ ಹುರುಪಿನಲ್ಲಿ ಇನ್ನೊಂದು ಮಾತೂ ಸೇರಿಸಿದೆ: ಹದಿನೈದು ನಿಮಿಷಕ್ಕೊಮ್ಮೆ ಹಿಮ ಕುಸಿಯಬೇಕು, ದೀಪ ಆರಬೇಕು, ಆಮೇಲೆ ಹಿಮದೊಳಗಿನಿಂದ ಒಬ್ಬ ಸೈನಿಕ ಮೇಲೆ ಬರಬೇಕು, ಹಿನ್ನೆಲೆಯಲ್ಲಿ ಹಾಡು. ಎಲ್ಲರೂ ಚಪ್ಪಾಳೆ ತಟ್ಟಿದರು.

ಈ ಲೇಖನ ಆ ಚಪ್ಪಾಳೆಯ ಬಗ್ಗೆ. ಆದರೆ ಮೊದಲು ಹಿಮದ ಬಗ್ಗೆ ಹೇಳಬೇಕು. ಏಕೆಂದರೆ ಯೋಚಿಸುವುದನ್ನು ನನಗೆ ಕಲಿಸಿದ್ದು ಆ ಪುಡಿ.

ಪ್ರಾಜೆಕ್ಟ್ ಮ್ಯಾನೇಜರ್ ಆದವನು ಮೊದಲು ಮಾಡುವುದು ಎಕ್ಸೆಲ್ ಶೀಟು. ಸೈನಿಕರು: ಹತ್ತು, ಜೇಡಿಮಣ್ಣಿನವು, ಎತ್ತರ 12 ಸೆಂಟಿಮೀಟರ್, ಪೇಣದ ಮೂರ್ತಿಕಾರರ ಹತ್ತಿರ. ಗುಡ್ಡ: ತಂತಿ ಜಾಳಿಗೆ, ಹಳೆಯ ಪತ್ರಿಕೆ, ಮೈದಾ ಅಂಟು. ಹಿಮ: ಪ್ರಶ್ನಾರ್ಥಕ ಚಿಹ್ನೆ. ಹಿಂದಿನ ಕಾಲವಾಗಿದ್ದರೆ ಇದು ಪ್ರಶ್ನೆಯೇ ಅಲ್ಲ. ಥರ್ಮೋಕೋಲ್ ಉಜ್ಜಿದರೆ ಮುಗಿಯಿತು. 2018ರ ಮಾರ್ಚ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಪ್ಲಾಸ್ಟಿಕ್ ಜೊತೆಗೆ ಥರ್ಮೋಕೋಲನ್ನೂ ನಿಷೇಧಿಸಿತು. ಆ ವರ್ಷದ ಗಣಪತಿ ಅಲಂಕಾರಕ್ಕೆ ವಿನಾಯಿತಿ ಕೇಳಿ ಹೋದವರಿಗೆ ಬಾಂಬೆ ಹೈಕೋರ್ಟ್ ಒಪ್ಪಿಗೆ ಕೊಡಲಿಲ್ಲ. ಕದ್ದುಮುಚ್ಚಿ ಇನ್ನೂ ಸಿಗುತ್ತದೆ, ಆದರೆ ನಮ್ಮ ಕಮಿಟಿ ಈ ವಿಷಯದಲ್ಲಿ ಕಟ್ಟುನಿಟ್ಟು.

ನನಗೂ ಥರ್ಮೋಕೋಲ್ ಬೇಡವಾಗಿತ್ತು, ಕಾರಣ ಬೇರೆ. ನಮ್ಮ ಸೈನಿಕ 12 ಸೆಂಟಿಮೀಟರ್ ಅಂದರೆ ನಿಜದ ಮನುಷ್ಯನ ಹದಿನಾಲ್ಕನೇ ಒಂದು ಪಾಲು. 3 ಮಿಲಿಮೀಟರಿನ ಥರ್ಮೋಕೋಲ್ ಕಾಳು ಆ ಸೈನಿಕನ ಪಾಲಿಗೆ 42 ಮಿಲಿಮೀಟರ್, ಅಂದರೆ ನಿಂಬೆಹಣ್ಣು. ಅವನು ನಿಂಬೆಹಣ್ಣಿನ ರಾಶಿಯಲ್ಲಿ ನಿಂತಂತೆ ಕಾಣುತ್ತಾನೆ. ಅಡುಗೆ ಉಪ್ಪಿನ ಹರಳು ಕೂಡ ಅವನ ಅಳತೆಯಲ್ಲಿ ಜೋಳದ ಕಾಳಿಗಿಂತ ದೊಡ್ಡದು. ಪುಟ್ಟ ಮಾದರಿಗಳಲ್ಲಿ ಹಿಮ ಸುಳ್ಳೆನಿಸುವುದು ಬಣ್ಣದಿಂದಲ್ಲ, ಕಾಳಿನ ಗಾತ್ರದಿಂದ. ಇದು ನನ್ನ ಮೊದಲ ಪಾಠ.

ಆದರೂ ಉಪ್ಪನ್ನು ಪ್ರಯತ್ನಿಸಿದೆ, ಮಿಕ್ಸರಿನಲ್ಲಿ ನುಣ್ಣಗೆ ಮಾಡಿ. ರಾತ್ರಿ ಬಿಳಿ ಗುಡ್ಡ, ಬೆಳಿಗ್ಗೆ ಕೆಸರು. ಗಾಳಿಯ ತೇವಾಂಶ ಸುಮಾರು 75 ಶೇಕಡಾ ದಾಟಿದರೆ ಉಪ್ಪು ತಾನಾಗಿ ನೀರು ಹೀರಿ ಕರಗತೊಡಗುತ್ತದೆ. ಮಳೆಗಾಲದ ಖಾರಘರದಲ್ಲಿ ಪಾಂಡವಕಡಾದ ಗುಡ್ಡ ವಾರಗಟ್ಟಲೆ ಮೋಡದಲ್ಲಿ ಮುಳುಗಿರುತ್ತದೆ, ಕಪಾಟಿನ ಬೆಲ್ಟಿಗೆ ಬೂಸ್ಟು ಹಿಡಿಯುತ್ತದೆ. ಇಲ್ಲಿ ಉಪ್ಪಿಗೆ ಏನು ಭರವಸೆ? ಹತ್ತಿ ಹಾಕಿದೆ, ಹಿಮ ಹೋಗಿ ಗಾಯದ ಡ್ರೆಸ್ಸಿಂಗ್ ಆಯಿತು. ಅಡುಗೆ ಸೋಡಾ ಚೆನ್ನಾಗಿಯೇ ಕೂತಿತು, ಆದರೆ ಅಂಟಿನ ಜೊತೆ ಬೆರೆತಲ್ಲಿ ನಾಲ್ಕು ದಿನಕ್ಕೆ ಹಳದಿ ಛಾಯೆ.

ಕೊನೆಗೆ ದಾರಿ ತೋರಿಸಿದ್ದು ಹೆಂಡತಿ. ಶ್ರಾವಣದ ಶುಕ್ರವಾರ ಬಾಗಿಲ ಮುಂದೆ ರಂಗೋಲಿ ಹಾಕುತ್ತ, “ಬಿಳೀ ಪುಡಿ ಮನ್ಯಾಗ ಇಟ್ಕೊಂಡು ಊರೆಲ್ಲ ಹುಡಕಾಕತ್ತೀರಿ” ಅಂದಳು. ಬಿಳಿ ಕಲ್ಲಿನ ರಂಗೋಲಿ ಪುಡಿ, ಬಟ್ಟೆಯಲ್ಲಿ ಜಾಲಿಸಿದರೆ ಹಿಟ್ಟಿನಷ್ಟು ನುಣುಪು. ತೇವಕ್ಕೆ ಕರಗುವುದಿಲ್ಲ, ಹಳದಿಯಾಗುವುದಿಲ್ಲ. ಫೆವಿಕಾಲನ್ನು ನೀರಾಗಿಸಿ ಸ್ಪ್ರೇ ಬಾಟಲಿಯಿಂದ ಸಿಂಪಡಿಸುವುದು, ಚಹಾ ಸೋಸುವ ಜಾಳಿಗೆಯಿಂದ ಪುಡಿ ಉದುರಿಸುವುದು, ಮತ್ತೆ ಸಿಂಪಡಿಸುವುದು. ಮುಖಕ್ಕೆ ಕೋವಿಡ್ ಕಾಲದ ಮಾಸ್ಕು. ನೇರ ಮೇಲಿನಿಂದ ಉದುರಿಸಿದರೆ ಕೇಕಿನ ಮೇಲಿನ ಸಕ್ಕರೆಯಂತೆ ಕಾಣುತ್ತದೆ. ಟೇಬಲ್ ಫ್ಯಾನನ್ನು ಒಂದು ಬದಿಗೆ ಇಟ್ಟು ಉದುರಿಸಿದರೆ ಗಾಳಿಗೆ ಎದುರಾದ ಕಡೆ ಬಂಡೆ ಬತ್ತಲೆ ಉಳಿಯುತ್ತದೆ, ಮರೆಯ ಕಡೆ ಪುಡಿ ದಿಬ್ಬವಾಗಿ ಕೂರುತ್ತದೆ. ಆಗ ಮೊದಲ ಸಲ ಅದು ಬಿದ್ದ ಹಿಮದಂತೆ ಕಂಡಿತು.

ಇನ್ನೊಂದು ಗುಟ್ಟು ನೀಲಿ. ಹಿಮ ಬಿಳಿಯಲ್ಲ, ಅದರ ಹರಳು ಗಾಜಿನಂತೆ ಪಾರದರ್ಶಕ. ಲಕ್ಷಾಂತರ ಹರಳುಗಳ ಮೈಯಿಂದ ಎಲ್ಲ ಬಣ್ಣದ ಬೆಳಕೂ ಚದುರಿ ಹಿಂದಕ್ಕೆ ಬರುವುದರಿಂದ ಬೆಳ್ಳಗೆ ಕಾಣುತ್ತದೆ. ಹಿಮದೊಳಗೆ ಆಳಕ್ಕೆ ಹೋದಂತೆ ಕೆಂಪು ಬೆಳಕು ಹೀರಲ್ಪಟ್ಟು ನೀಲಿ ಉಳಿಯುತ್ತದೆ. ಹಾಗಾಗಿ ಕೆಳಗಿನ ಪದರಕ್ಕೆ ಚೂರೇ ಚೂರು ನೀಲಿ ಬೆರೆಸಿದೆ. ಬಿರುಕುಗಳಲ್ಲಿ ಆ ನೀಲಿ ಇಣುಕಿತು. ಮೇಜಿನ ಸುತ್ತ ನಿಂತವರು “ಅರೆ, ಅಸಲೀ ಬರ್ಫ್!” ಎಂದರು. ನನಗೂ ಹಾಗೇ ಅನಿಸಿತು.

ನನ್ನ ಮೊದಲ ಅನುಮಾನ ಹುಟ್ಟಿದ್ದು ಇಲ್ಲಿ. ಹೀಗೆ ಹೇಳಿದವರಲ್ಲಿ ಹಿಮ ಕಂಡವರು ಎಷ್ಟು ಜನ? ಕುರ್ಲಾದ ಮಾಲಿನಲ್ಲಿ ಟಿಕೆಟ್ ತೆಗೆದು ಅರ್ಧ ಗಂಟೆ ಹಿಮದಲ್ಲಿ ಆಡಿಬಂದ ಮಕ್ಕಳು, ನನ್ನಂಥ ರೋಹತಾಂಗ್ ಗಿರಾಕಿಗಳು, ಉಳಿದವರೆಲ್ಲ ಸಿನಿಮಾದವರು. ಸಿನಿಮಾದ ಹಿಮವಾದರೂ ಎಂಥದ್ದು? 1939ರ ‘ದಿ ವಿಝಾರ್ಡ್ ಆಫ್ ಓಝ್’ ಚಿತ್ರದಲ್ಲಿ ಹೂವಿನ ಹೊಲದ ಮೇಲೆ ಉದುರುವ ಹಿಮ ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಆ ಕಾಲದಲ್ಲಿ ಅದನ್ನು ಕ್ರಿಸ್‌ಮಸ್ ಅಲಂಕಾರಕ್ಕೂ ಮಾರುತ್ತಿದ್ದರು. ಎಷ್ಟು ಚಂದದ ಹಿಮವೋ ಶ್ವಾಸಕೋಶಕ್ಕೆ ಅಷ್ಟೇ ವಿಷ. ಬೇರೆ ಚಿತ್ರಗಳಲ್ಲಿ ಬಿಳಿ ಬಣ್ಣ ಹಚ್ಚಿದ ಕಾರ್ನ್‌ಫ್ಲೇಕ್ಸ್. ನಟರು ನಡೆದರೆ ಹಪ್ಪಳ ಮುರಿದ ಸದ್ದು ಬರುತ್ತಿದ್ದುದರಿಂದ ಮಾತುಗಳನ್ನು ಆಮೇಲೆ ಸೇರಿಸಬೇಕಾಗುತ್ತಿತ್ತು. 1946ರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಚಿತ್ರಕ್ಕೆ ಬೆಂಕಿ ಆರಿಸುವ ನೊರೆಗೆ ಸಾಬೂನು ಬೆರೆಸಿ ಸದ್ದಿಲ್ಲದ ಹಿಮ ಮಾಡಿದರು. ಅಂದರೆ ನಮ್ಮ ಕಣ್ಣಿಗೆ ‘ಅಸಲೀ ಬರ್ಫ್’ ಎಂದು ಕಲಿಸಿದ್ದು ಕಲ್ನಾರು, ಕಾರ್ನ್‌ಫ್ಲೇಕ್ಸ್ ಮತ್ತು ಸಾಬೂನು. ನನ್ನ ರಂಗೋಲಿ ಪುಡಿ ಹಿಮದಂತಿರಲಿಲ್ಲ, ಇನ್ನೊಂದು ನಕಲಿನಂತಿತ್ತು.

ಈ ಜಗಳ ಹಳೆಯದು. ತೀ.ನಂ.ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ಓದಿದವರಿಗೆ ಶಂಕುಕನ ಹೆಸರು ನೆನಪಿರಬಹುದು. ಹಿಮದ ನಾಡಾದ ಕಾಶ್ಮೀರದವನು. ರಂಗದ ಮೇಲಿನ ರಾಮನನ್ನು ನೋಡುವಾಗ ನಮಗೆ ಆಗುವ ಜ್ಞಾನ ಎಂಥದ್ದು ಎಂದು ಅವನು ಕೇಳಿದ. ‘ಇವನೇ ರಾಮ’ ಎಂಬ ನಿಜದ ತಿಳಿವು ಅಲ್ಲ. ‘ಇವನು ರಾಮನಲ್ಲ’ ಎಂದು ಆಮೇಲೆ ಬಯಲಾಗುವ ಭ್ರಮೆಯೂ ಅಲ್ಲ. ಸಂಶಯವಲ್ಲ, ಬರೀ ಹೋಲಿಕೆಯೂ ಅಲ್ಲ. ಗೋಡೆಯ ಮೇಲೆ ಬರೆದ ಕುದುರೆಯನ್ನು ಕಂಡು ‘ಇದು ಕುದುರೆ’ ಎನ್ನುತ್ತೇವಲ್ಲ, ಅಂಥದ್ದು. ಚಿತ್ರತುರಗ ನ್ಯಾಯ. ನನಗೆ ಇದು ಬಹಳ ಹಿಡಿಸಿದ ಮಾತು. ನಮ್ಮ ಸೊಸೈಟಿಯ ಯಾವ ಮಗುವೂ ಮೇಜಿನ ಮೇಲಿನ ಹಿಮವನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. ಯಾರೂ ಮೋಸ ಹೋಗಿಲ್ಲ. ಹಾಗಾಗಿ ಯಾರಿಗೂ ಸುಳ್ಳು ಹೇಳಿದಂತಾಗಲಿಲ್ಲ.

ಆದರೆ ಅಭಿನವಗುಪ್ತನ ಗುರು ಭಟ್ಟತೌತ ಶಂಕುಕನನ್ನು ಅಷ್ಟಕ್ಕೆ ಬಿಡಲಿಲ್ಲ. ಅನುಕರಣ ಎನ್ನುತ್ತೀಯಲ್ಲ, ರಾಮನನ್ನು ನೋಡಿದವರು ಯಾರು? ನಟ ನೋಡಿಲ್ಲ, ಪ್ರೇಕ್ಷಕ ನೋಡಿಲ್ಲ. ಮೂಲವನ್ನೇ ಕಾಣದವನು ಇದು ಅದರ ನಕಲು ಎಂದು ಹೇಗೆ ಹೇಳುತ್ತಾನೆ? ಸಾವಿರ ವರ್ಷದ ಹಿಂದಿನ ಪ್ರಶ್ನೆ ನೇರವಾಗಿ ಬಂದು ನಮ್ಮ ಮೇಜಿನ ಮುಂದೆ ನಿಂತಿತು. ‘ನಿಜದ ಹಾಗೇ ಇದೆ’ ಎನ್ನಲು ನಿಜ ಕಂಡವರೊಬ್ಬರು ಬೇಕು.

ಬಿ ವಿಂಗಿನ ಎರಡನೇ ಮಹಡಿಯಲ್ಲಿ ಅಂಥವರು ಒಬ್ಬರಿದ್ದರು. ಸಾತಾರಾ ಕಡೆಯವರು, ನಿವೃತ್ತ ಸುಭೇದಾರರು, ಎಲ್ಲರಿಗೂ ಕಾಕಾ. ದಿನಾ ಬೆಳಿಗ್ಗೆ ಸೆಂಟ್ರಲ್ ಪಾರ್ಕಿಗೆ ವಾಕಿಂಗ್ ಹೋಗುತ್ತಾರೆ, ಲಿಫ್ಟಿನಲ್ಲಿ ಸಿಕ್ಕರೆ ರಾಮ್ ರಾಮ್ ಎನ್ನುತ್ತಾರೆ, ಅಷ್ಟೇ ಪರಿಚಯ. ಗ್ಲೇಸಿಯರಿನ ಮೇಲೆ ಒಂದು ಸರದಿ ಕಳೆದವರೆಂದು ನನಗೆ ಗೊತ್ತಾದದ್ದು ಆಗಲೇ. ಹಬ್ಬಕ್ಕೆ ಹತ್ತು ದಿನ ಇರುವಾಗ ಅವರನ್ನು ಕರೆದುಕೊಂಡು ಬಂದು ತೋರಿಸಿದೆ.

ಕಾಕಾ ಮೇಜಿನ ಸುತ್ತ ಒಂದು ಸುತ್ತು ಬಂದರು. ಗಾಳಿಯ ಮರೆಯ ದಿಬ್ಬಗಳನ್ನು ನೋಡಿ ತಲೆದೂಗಿದರು. ಆಮೇಲೆ ಕೇಳಿದರು, “ಇಂಜಿನಿಯರ್ ಸಾಹೇಬ್, ಇಲ್ಲಿ ಜನ ಇರುತ್ತಾರೋ ಇಲ್ಲವೋ?”

ಹತ್ತು ಸೈನಿಕರು ಇದ್ದಾರಲ್ಲ ಎಂದೆ.

“ಮನುಷ್ಯರು ಇರುವ ಕಡೆ ಬರ್ಫ್ ಇಷ್ಟು ಸ್ವಚ್ಛ ಇರುವುದಿಲ್ಲ.”

ಅವರು ವಿವರಿಸಿದ್ದು ಇಷ್ಟು. ಮೇಲೆ ಎಲ್ಲ ನಡೆಯುವುದು ಸೀಮೆಎಣ್ಣೆಯ ಮೇಲೆ. ಸ್ಟೌ, ಬುಖಾರಿ, ಕುಡಿಯುವ ನೀರಿಗೆ ಹಿಮ ಕರಗಿಸುವುದು, ಎಲ್ಲ. ಗುಡಿಸಲಿನೊಳಗೆ ಮಸಿ, ಮೂಗಿನಲ್ಲಿ ಮಸಿ, ಉಗುಳಿದರೆ ಕಪ್ಪು. ಬಾಗಿಲ ಮುಂದಿನ ಹಿಮದ ಮೇಲೆ ಮಸಿ. ಖಾಲಿ ಜೆರ್ರಿಕ್ಯಾನುಗಳು, ತಗಡಿನ ಡಬ್ಬಿಗಳು, ಸಾಮಾನು ಇಳಿಸಿದ ಪ್ಯಾರಾಚೂಟಿನ ಬಟ್ಟೆ. ತುಳಿದು ತುಳಿದು ಕಂದಿದ ಒಂದೇ ಕಾಲುದಾರಿ, ಅದನ್ನು ಬಿಟ್ಟು ಯಾರೂ ಹೋಗುವುದಿಲ್ಲ, ಒಬ್ಬರಿಗೊಬ್ಬರು ಹಗ್ಗ ಕಟ್ಟಿಕೊಂಡು ಹೋಗುವುದು. “ಬಿಳಿ ಬರ್ಫ್ ಅಂದರೆ ನಾವು ಹೋಗಬಾರದ ಜಾಗ” ಎಂದರು. ಬಟನ್ ಒತ್ತಿ ಹಿಮ ಕುಸಿಯುವ ಆಟವನ್ನು ಮಗ ಹೆಮ್ಮೆಯಿಂದ ತೋರಿಸಿದ. ಹಳೆಯ ವೈಪರ್ ಮೋಟರಿನಿಂದ ಅವನೇ ಮಾಡಿದ್ದು, ಒಂದು ತಗಡು ಸರಿದು ಪುಡಿ ಜಾರುತ್ತಿತ್ತು, ಇನ್ನೊಂದು ಸೈನಿಕನನ್ನು ಮೇಲೆತ್ತುತ್ತಿತ್ತು. ಕಾಕಾ ಅದನ್ನು ಪೂರ್ತಿ ನೋಡಿದರು. ಮಗನ ತಲೆ ಸವರಿ “ಚಾಂಗ್ಲಾ ಕೇಲಾಸ್” ಎಂದರು. ಅದರ ಬಗ್ಗೆ ಇನ್ನೇನೂ ಹೇಳದೆ ಲಿಫ್ಟಿಗೆ ನಡೆದರು.

ಅದನ್ನು ಹೇಳಿದ್ದು ಅವ್ವ, ಅದೇ ರಾತ್ರಿ, ವಿಡಿಯೋ ಕಾಲಿನಲ್ಲಿ. ಊರಿನ ಹೆಸರು ಇಲ್ಲಿ ಮೆರೆಯುತ್ತದೆಂದು ಅವಳಿಗೆ ಖುಷಿಯಾಗಲಿ ಎಂದು ಮೊಬೈಲನ್ನು ಮೇಜಿನ ಮುಂದೆ ಹಿಡಿದು ಆಟ ತೋರಿಸಿದೆ. ದೀಪ ಆರಿತು, ಹಿಮ ಕುಸಿಯಿತು, ಹಾಡು ಬಂತು, ಸೈನಿಕ ಮೇಲೆ ಬಂದ. ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ.

“ಇದು ದಿನಾ ಎಷ್ಟ್ ಸಲಾ ಮಾಡ್ತೀರಿ?”

“ತಾಸಿಗೆ ನಾಕ್ ಸಲಾ ಬೇ.”

“ಅಲ್ಲಪಾ ತಮ್ಮಾ, ಆ ಹುಡುಗನ್ನ ನಮ್ಮ ಮಂದಿ ಒಮ್ಮೆ ಮಣ್ಣ ಮಾಡ್ಯಾರ. ನೀವು ತಾಸಿಗೆ ನಾಕ್ ಸಲಾ ಹುಗದು ತೆಗೀತೀರೇನು?”

ನನಗೆ ಉತ್ತರ ಇರಲಿಲ್ಲ. ಅವ್ವ ಬೆಟದೂರಿಗೆ ಹೋದವಳಲ್ಲ. ಆದರೆ ಆ ದಿನ ನಮ್ಮೂರಿನಿಂದ ಟ್ರ್ಯಾಕ್ಟರುಗಳಲ್ಲಿ ಮಂದಿ ಹೋದದ್ದನ್ನು ಕಂಡವಳು. ನಾನು ಆ ದಿನ ಎಲ್ಲಿದ್ದೆ? ಐರೋಲಿಯ ಆಫೀಸಿನಲ್ಲಿ, ಮೊಬೈಲಿನಲ್ಲಿ ಸುದ್ದಿ ನೋಡುತ್ತ, ಪಕ್ಕದವನಿಗೆ ‘ನಮ್ಮ ಕಡೆಯವರು’ ಎಂದು ಹೇಳುತ್ತ.

ಆ ರಾತ್ರಿ ನಿದ್ದೆ ಬಾರದೆ ಯೋಚಿಸಿದ್ದನ್ನು ಕ್ರಮವಾಗಿ ಹೇಳಲು ಯತ್ನಿಸುತ್ತೇನೆ.

ಮೊದಲನೆಯದು: ಕೃತಕ ಬೇರೆ, ಸುಳ್ಳು ಬೇರೆ. 1936ರಲ್ಲಿ ಜಪಾನಿನ ಹೊಕ್ಕೈಡೊದಲ್ಲಿ ಉಕಿಚಿರೋ ನಕಾಯಾ ಎಂಬ ವಿಜ್ಞಾನಿ ಮೊಲದ ಕೂದಲೆಳೆಯ ತುದಿಯಲ್ಲಿ ಪ್ರಯೋಗಾಲಯದೊಳಗೇ ಹಿಮದ ಹರಳು ಬೆಳೆಸಿದರು. ಅದು ಕೃತಕ, ಆದರೆ ಅಪ್ಪಟ ಹಿಮ. ನನ್ನದು ಬರೀ ಕಲ್ಲು, ಹಿಮದ ಲವಲೇಶವೂ ಇಲ್ಲ. ಆದರೂ ಅದು ಸುಳ್ಳಲ್ಲ, ಏಕೆಂದರೆ ಅದು ಹಿಮವೆಂದು ಯಾರೂ ನಂಬಬೇಕೆಂದು ನಾನು ಬಯಸಿಲ್ಲ. ಶಂಕುಕ ಇಲ್ಲಿಯವರೆಗೆ ನನ್ನನ್ನು ಕಾಪಾಡುತ್ತಾನೆ.

ಎರಡನೆಯದು: ಹಾಗಾದರೆ ನನ್ನ ಮಾದರಿಯಲ್ಲಿ ಸುಳ್ಳಾಗಿದ್ದದ್ದು ಯಾವುದು? ಪುಡಿಯಲ್ಲ, ಸ್ವಚ್ಛತೆ. ಹಿಮ ಹೇಗಿರುತ್ತದೆ ಎಂಬುದರಲ್ಲಿ ನೋಡುವವರು ಮೋಸ ಹೋಗುವುದಿಲ್ಲ. ಅಲ್ಲಿ ಬದುಕು ಹೇಗಿರುತ್ತದೆ ಎಂಬುದರಲ್ಲಿ ಹೋಗುತ್ತಾರೆ. ಬೆಳ್ಳಗಿನ ಬೆಟ್ಟ, ಇಸ್ತ್ರಿ ಮಾಡಿದ ಬಿಳಿ ಸಮವಸ್ತ್ರ, ಎದೆ ಸೆಟೆದ ಹತ್ತು ಬೊಂಬೆ. ಆಪರೇಷನ್ ಮೇಘದೂತ್ ಶುರುವಾದ 1984ರ ಏಪ್ರಿಲ್‌ನಿಂದ ಸಿಯಾಚಿನ್ನಿನಲ್ಲಿ ಗುಂಡಿಗಿಂತ ಹೆಚ್ಚು ಜೀವ ತೆಗೆದದ್ದು ಹವೆ ಮತ್ತು ನೆಲ. ಅದನ್ನೆಲ್ಲ ಮರೆಮಾಚಿ ಅಲ್ಲಿ ಇರುವುದು ಎಂದರೆ ಒಂದು ಚಂದದ ಚಿತ್ರದೊಳಗೆ ನಿಲ್ಲುವುದು ಎಂದು ನಮ್ಮ ಮಕ್ಕಳು ತಿಳಿದುಕೊಂಡು ಹೋಗುತ್ತಾರೆ. ಚಿತ್ರದ ಕುದುರೆಯನ್ನು ಯಾರೂ ನಿಜದ ಕುದುರೆ ಎಂದುಕೊಳ್ಳುವುದಿಲ್ಲ, ಸರಿ. ಆದರೆ ಚಿತ್ರದ ಕುದುರೆಯ ಮೈಮೇಲೆ ಚಾವಟಿಯ ಗುರುತನ್ನು ಬರೆಯದೆ ಬಿಟ್ಟರೆ, ಕುದುರೆಗಳಿಗೆ ಯಾರೂ ಹೊಡೆಯುವುದಿಲ್ಲ ಎಂದುಕೊಳ್ಳಬಹುದು.

ಈ ಸುಳ್ಳಿನ ಜಾತಿಯನ್ನು ನಾನು ಬಲ್ಲೆ. ಕೆಲವು ವರ್ಷದ ಹಿಂದೆ ನನ್ನ ಒಂದು ಪ್ರಾಜೆಕ್ಟಿನಲ್ಲಿ, ಟೆಸ್ಟಿಂಗ್ ತಂಡದ ಹುಡುಗಿಯೊಬ್ಬಳು ಒಂದು ಅಪಾಯವನ್ನು ಗುರುತಿಸಿ ಬರೆದು ಕಳಿಸಿದ್ದಳು. ವಾರದ ವರದಿಯಲ್ಲಿ ನಾನು ಅದನ್ನು ಅಳಿಸಲಿಲ್ಲ. ಎರಡನೇ ಶೀಟಿಗೆ ಸರಿಸಿದೆ. ಮೊದಲ ಶೀಟು ಪೂರ್ತಿ ಹಸಿರು. ಆ ವರದಿಯ ಒಂದೊಂದು ಕೋಶವೂ ನಿಜ. ಬಿಡುಗಡೆಯ ರಾತ್ರಿ ಅವಳು ಹೇಳಿದಂತೆಯೇ ಆಯಿತು. ಮೂರು ರಾತ್ರಿ ಆಫೀಸಿನಲ್ಲಿ ಕೂತು ಸರಿಪಡಿಸಿದವಳು ಅವಳು, ‘ಬಿಕ್ಕಟ್ಟನ್ನು ನಿಭಾಯಿಸಿದ’ ಮೆಚ್ಚುಗೆಯ ಮೇಲ್ ಬಂದದ್ದು ನನಗೆ. ಅದನ್ನು ಅವಳಿಗೂ ಕಳಿಸಿದೆ, ‘ತಂಡದ ಕೆಲಸ’ ಎಂದು ಒಂದು ಸಾಲು ಸೇರಿಸಿ. ಅವಳು ಉತ್ತರ ಬರೆಯಲಿಲ್ಲ. ಐ.ಟಿ.ಯಲ್ಲಿರುವ ನಿಮ್ಮಲ್ಲಿ ಬಹಳ ಜನರಿಗೆ ಇಂಥ ಒಂದು ಎರಡನೇ ಶೀಟು ಇದ್ದೇ ಇರುತ್ತದೆ. ನಮ್ಮ ಕಸುಬಿನಲ್ಲಿ ಸುಳ್ಳು ಹೇಳುವವರು ಕಡಿಮೆ, ಮಸಿ ಒರೆಸುವವರು ಬಹಳ.

ಮೂರನೆಯದು, ನನಗೆ ಎಲ್ಲಕ್ಕಿಂತ ಕಷ್ಟವಾದದ್ದು. ಮಸಿ ಬಿಡುವುದು ತಪ್ಪಾದರೆ, ಹಿಮಕುಸಿತವನ್ನು ಬಿಡುವುದೂ ತಪ್ಪಲ್ಲವೇ? ಅದೂ ನಡೆದದ್ದೇ. ಅದನ್ನು ತೆಗೆದುಹಾಕಿದರೆ ನಾನು ಮತ್ತೆ ಎರಡನೇ ಶೀಟಿಗೆ ಸರಿಸಿದಂತೆ ಆಗುವುದಿಲ್ಲವೇ? ಅವ್ವನ ಮಾತಿಗೆ ಮನಸ್ಸು ಒಪ್ಪಿತ್ತು, ಬುದ್ಧಿ ಕಾರಣ ಕೇಳುತ್ತಿತ್ತು.

ನಾನು ಕಂಡುಕೊಂಡ ಉತ್ತರ ಹೀಗೆ. ಹಿಮಕ್ಕೆ ನಾನು ಏನೂ ಬಾಕಿ ಇಲ್ಲ. ಕಲ್ಲಿನ ಪುಡಿಯಿಂದ ಮಾಡಿದರೂ, ಸಾಬೂನಿನಿಂದ ಮಾಡಿದರೂ ಅದು ದೂರುವುದಿಲ್ಲ. ಆದರೆ ಅದರ ಕೆಳಗೆ ಸಿಕ್ಕವನಿಗೆ ನಾನು ಬಾಕಿ ಇದ್ದೇನೆ. ಹಾಗಾಗಿ ಏನನ್ನು ತೋರಿಸಬೇಕು, ಏನನ್ನು ಬಿಡಬೇಕು ಎಂದು ಕೇಳುವಾಗ ‘ಅದು ನಡೆದದ್ದೋ ಇಲ್ಲವೋ’ ಎಂಬ ಒಂದೇ ಪ್ರಶ್ನೆ ಸಾಲದು. ‘ಇದರಿಂದ ಗಿಟ್ಟುವುದು ಯಾರಿಗೆ?’ ಎಂಬುದನ್ನೂ ಕೇಳಬೇಕು. ಮಸಿ ಒರೆಸಿದರೆ ಗಿಟ್ಟುವುದು ನಮ್ಮ ಕಣ್ಣಿಗೆ, ಹಬ್ಬದ ಸಂಭ್ರಮಕ್ಕೆ. ತಾಸಿಗೆ ನಾಲ್ಕು ಸಲ ಅವರನ್ನು ಹೂತು ಮೇಲೆತ್ತಿದರೂ ಗಿಟ್ಟುವುದು ನಮಗೇ: ಮೈ ಜುಮ್ಮೆನ್ನುವ ಒಂದು ಕ್ಷಣ, ಒಂದು ವಿಡಿಯೋ, ಮತ್ತು ನನಗೆ ಒಂದು ಸಭೆಯ ಚಪ್ಪಾಳೆ. ಹೊರನೋಟಕ್ಕೆ ಒಂದು ಮುಚ್ಚಿಡುವುದು, ಇನ್ನೊಂದು ತೆರೆದಿಡುವುದು. ಆದರೆ ಎರಡರಲ್ಲೂ ಇನ್ನೊಬ್ಬರ ಕಷ್ಟವನ್ನು ನಮಗೆ ಬೇಕಾದ ಆಕಾರಕ್ಕೆ ತಿದ್ದಿಕೊಂಡಿದ್ದೇವೆ. ಅದರ ಮೇಲೆ, ನನ್ನ ಆಟದಲ್ಲಿ ಸೈನಿಕ ಮೇಲೆ ಬಂದು ನಿಲ್ಲುತ್ತಿದ್ದ, ಹಾಡು ಮುಗಿಯುತ್ತಿತ್ತು. ನಿಜದಲ್ಲಿ ಅದಾದ ಮೇಲೆ ಮೂರು ದಿನ ಇತ್ತು, ಆಸ್ಪತ್ರೆ ಇತ್ತು, ಬೆಟದೂರು ಇತ್ತು. ಹೊರಗೆ ಬರಲೇ ಇಲ್ಲದ ಒಂಬತ್ತು ಮಂದಿ ಇದ್ದರು. ನಡೆದದ್ದನ್ನು ತೋರಿಸುತ್ತೇನೆಂದು ಹೊರಟ ನಾನು ಅದರ ಕೊನೆಯನ್ನೇ ಒರೆಸಿಬಿಟ್ಟಿದ್ದೆ.

ಮರುದಿನ ಕಮಿಟಿಯ ಮುಂದೆ ಮಾತು ಹಿಂದಕ್ಕೆ ತೆಗೆದುಕೊಂಡೆ. ಸುಲಭವಾಗಿರಲಿಲ್ಲ. ಖಜಾಂಚಿ ಹೇಳಿದ್ದರಲ್ಲೂ ನ್ಯಾಯವಿತ್ತು: “ಜನ ಹಬ್ಬಕ್ಕೆ ಬರುತ್ತಾರೆ. ದಿನವಿಡೀ ಲೋಕಲ್‌ನಲ್ಲಿ ನೇತಾಡಿ ಬಂದವರಿಗೆ ಒಂದು ಗಳಿಗೆ ಚಂದದ್ದು ತೋರಿಸಿದರೆ ತಪ್ಪೇನು? ಮಸಿ ನೋಡಲು ಗಣಪತಿಗೆ ಬರಬೇಕೆ?” ಚಂದ ತಪ್ಪಲ್ಲ ಎಂದೆ. ಕೈಲಾಸ ಮಾಡಿ, ಕೇದಾರ ಮಾಡಿ, ಬೆಳ್ಳಗಿರಲಿ, ನಾನೇ ಪುಡಿ ಜಾಲಿಸಿ ಕೊಡುತ್ತೇನೆ. ಆದರೆ ಹೆಸರು ಇರುವ ಮನುಷ್ಯರ ಹೆಸರಿನಲ್ಲಿ ಮಾಡಿದರೆ ಅವರು ಕಂಡ ಹಿಮವನ್ನೇ ಮಾಡಬೇಕು. ಅರ್ಧ ಜನ ಒಪ್ಪಿದರು, ಅರ್ಧ ಜನ ಸಮಯವಿಲ್ಲವೆಂದು ಸುಮ್ಮನಾದರು. ಬೇಸರವಾದದ್ದು ಮಗನಿಗೆ. ಎರಡು ವಾರ ಕೂತು ಮಾಡಿದ ಮೋಟರು. ಅವನಿಗೆ ಅಜ್ಜಿಯ ಮಾತನ್ನು ಹಾಗೇ ಹೇಳಿದೆ. ಸಿಟ್ಟಿನಲ್ಲೇ ಬಿಚ್ಚಿದ, ಆದರೆ ಬಿಚ್ಚಿದ.

ಗೇಟಿನ ಹತ್ತಿರದ ಇಸ್ತ್ರಿಯವನಿಂದ ಇದ್ದಿಲ ಪುಡಿ ತಂದೆ. ಗುಡಿಸಲಿನ ಬಾಗಿಲ ಮುಂದೆ, ಹೊಗೆಕೊಳವೆಯ ಸುತ್ತ ಹಳೆಯ ಟೂತ್‌ಬ್ರಷ್ಷಿನಿಂದ ಸಿಡಿಸಿದೆ. ವಾರಗಟ್ಟಲೆ ಕಷ್ಟಪಟ್ಟು ಬೆಳ್ಳಗೆ ಮಾಡಿದ್ದರ ಮೇಲೆ ಕಪ್ಪು ಎರಚುವಾಗ ಕೈ ಹಿಂಜರಿಯಿತು. ಬೆಂಕಿಪೆಟ್ಟಿಗೆಯ ರಟ್ಟಿನಲ್ಲಿ ಹೆಂಡತಿ ಜೆರ್ರಿಕ್ಯಾನು ಮಾಡಿಕೊಟ್ಟಳು, ಹದಿನಾಲ್ಕು. ಕಂದಿದ ಕಾಲುದಾರಿ ಒಂದೇ. ಅದರ ಮೇಲೆ ಮೂವರು ಸೈನಿಕರು, ಸೊಂಟದಿಂದ ಸೊಂಟಕ್ಕೆ ಹೊಲಿಗೆ ದಾರ. ಒಬ್ಬ ಸ್ಟೌ ಮುಂದೆ, ಒಬ್ಬ ಪಹರೆಗೆ, ಉಳಿದವರು ಅಲ್ಲಲ್ಲಿ. ಹಿಂದೆ ಎತ್ತರದ ಹಿಮದ ಗೋಡೆ, ಏನೂ ಆಗದೆ ನಿಂತದ್ದು. ಮುಂದಿನ ಫಲಕದಲ್ಲಿ ಮರಾಠಿ ಮತ್ತು ಇಂಗ್ಲಿಷಿನಲ್ಲಿ ಬರೆದದ್ದು ಇಷ್ಟೇ: ‘ಸಿಯಾಚಿನ್ನಿನ ಒಂದು ಚೌಕಿ. ಹತ್ತು ಮಂದಿ. 2016ರ ಫೆಬ್ರವರಿ 3ರಂದು ಸೋನಂ ಚೌಕಿಯಲ್ಲಿ ತೀರಿದವರ ಮತ್ತು ಹಿಮದಡಿಯಿಂದ ಹೊರಬಂದು 11ರಂದು ತೀರಿದ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ನೆನಪಿಗೆ. ದೃಶ್ಯ ಕಲ್ಪಿತ. ಹಿಮ ರಂಗೋಲಿ ಪುಡಿಯದು.’

ಬಹಳ ಮಂದಿ ಒಂದು ನಿಮಿಷ ನೋಡಿ ಮುಂದೆ ಹೋದರು, ಸೆಲ್ಫಿ ತೆಗೆದುಕೊಂಡವರು ಕಡಿಮೆ. ದೇಖಾವಾ ಸ್ಪರ್ಧೆಯಲ್ಲಿ ನಮಗೆ ಏನೂ ಬರಲಿಲ್ಲ. ಮಕ್ಕಳು ಮಾತ್ರ ಜೆರ್ರಿಕ್ಯಾನು ಎಣಿಸುತ್ತಿದ್ದರು, ಯಾಕೆ ಹಗ್ಗ, ಯಾಕೆ ಕಪ್ಪು ಎಂದು ಕೇಳುತ್ತಿದ್ದರು. ಕಾಕಾ ಸಂಜೆಯ ಆರತಿಯ ನಂತರ ಕುರ್ಚಿ ಹಾಕಿಕೊಂಡು ಮೇಜಿನ ಪಕ್ಕ ಕೂರತೊಡಗಿದರು. ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದರು, ಕೇಳದ್ದನ್ನು ಹೇಳುತ್ತಿರಲಿಲ್ಲ. ಮೂರನೇ ದಿನ ಒಬ್ಬ ಹುಡುಗ, “ಅಜೋಬಾ, ಅವಲಾಂಚ್ ಎಲ್ಲಿ?” ಎಂದ. ಕಾಕಾ ಹಿಂದಿನ ಗೋಡೆಯನ್ನು ತೋರಿಸಿದರು. “ಅದೇ. ಇನ್ನೂ ಬಿದ್ದಿಲ್ಲ.” ಹುಡುಗ ಗೋಡೆಯನ್ನು ನೋಡಿದ, ಹತ್ತು ಬೊಂಬೆಗಳನ್ನು ನೋಡಿದ, ಮತ್ತೆ ಗೋಡೆಯನ್ನು ನೋಡಿದ.

ನಾನು ಸರಿಯಾಗಿಯೇ ಮಾಡಿದೆ ಎಂದು ಈಗಲೂ ಪೂರ್ತಿ ಧೈರ್ಯದಿಂದ ಹೇಳಲಾರೆ. ಫಲಕದ ಮೇಲೆ ಆ ಹೆಸರು ಹಾಕಲು ನನಗೆ ಯಾವ ಹಕ್ಕಿತ್ತು ಎಂಬ ಪ್ರಶ್ನೆ ಉಳಿದಿದೆ. ‘ನಮ್ಮ ಕಡೆಯವರು’ ಎನ್ನುವಾಗ ಆ ‘ನಮ್ಮ’ದಲ್ಲಿ ನನ್ನ ಪಾಲು ಎಷ್ಟು? ಊರು ಬಿಟ್ಟವರಿಗೆಲ್ಲ ಈ ಚಟ ಇದೆ. ದೂರ ಇದ್ದಷ್ಟೂ ಊರಿನ ಹೆಮ್ಮೆಯನ್ನು ಎತ್ತಿ ಆಡಿಸುತ್ತೇವೆ, ಊರಿನ ದುಃಖಕ್ಕೆ ಹೋಗುವ ಹೊತ್ತಿಗೆ ರಜೆ ಸಿಗುವುದಿಲ್ಲ.

ಒಂದು ಕೆಲಸ ಮಾತ್ರ ಮಾಡಿದೆ. ಹಬ್ಬ ಮುಗಿದ ವಾರ ಆ ಟೆಸ್ಟಿಂಗಿನ ಹುಡುಗಿಗೆ ಬರೆದೆ. ಈಗ ಅವಳು ಬೇರೆ ಕಂಪನಿಯಲ್ಲಿ ನನ್ನಷ್ಟೇ ದೊಡ್ಡ ಹುದ್ದೆಯಲ್ಲಿದ್ದಾಳೆ. ಎರಡನೇ ಶೀಟಿನ ವಿಷಯ, ಯಾರು ಸರಿಸಿದ್ದು, ಯಾಕೆ ಸರಿಸಿದ್ದು, ಎಲ್ಲ. ಎರಡು ದಿನದ ಮೇಲೆ ಉತ್ತರ ಬಂತು: “ಗೊತ್ತಿತ್ತು ಸರ್.”

ವಿಸರ್ಜನೆಯ ಮರುದಿನ ಮೇಜನ್ನು ನಾನು ಮತ್ತು ಮಗ ಬಿಚ್ಚಿದೆವು. ಅಂಟು ಹಿಡಿಯದೆ ಉಳಿದ ಪುಡಿಯನ್ನು ಬ್ರಷ್ಷಿನಿಂದ ಒಟ್ಟುಮಾಡಿದರೆ ಎರಡು ಕಿಲೋದಷ್ಟು ಸಿಕ್ಕಿತು, ಇದ್ದಿಲು ಬೆರೆತು ಬೂದಿ ಬಣ್ಣ. ಚೆಲ್ಲಲು ಹೊರಟವನನ್ನು ಹೆಂಡತಿ ತಡೆದಳು. ದೀಪಾವಳಿಯಲ್ಲಿ ಬಾಗಿಲ ಮುಂದೆ ರಂಗೋಲಿಯ ಗೆರೆ ಸ್ವಲ್ಪ ಮಬ್ಬಾಗಿತ್ತು. ಬಂದವರು ಯಾರೂ ಕೇಳಲಿಲ್ಲ.